ಮೊದಲ ಕಾಯಿಲ್ ಎಷ್ಟು ಓಮ್?

ಕಳೆದ ಚಳಿಗಾಲದ ಒಂದು ಶನಿವಾರ ಬೆಳಗ್ಗೆ ಫೋನ್ ಬಂತು. ಹಾಸನದ ಕಡೆಯ ಹುಡುಗ. ಇಂಗ್ಲೆಂಡಿಗೆ ಬಂದು ಇನ್ನೂ ಎಂಟು ತಿಂಗಳು. ನಾವಿಬ್ಬರೂ ರೆಡಿಂಗ್‌ನಲ್ಲೇ ಇದ್ದೇವೆ, ಭಾನುವಾರದ ಕ್ರಿಕೆಟ್ ಗುಂಪಿನಲ್ಲಿ ಪರಿಚಯ. "ಅಣ್ಣ, ಸಿಗರೇಟು ಬಿಡೋಣ ಅಂತಿದ್ದೀನಿ. ವೇಪ್ ಅಂಗಡೀಲಿ ನಿಂತಿದ್ದೀನಿ. 0.2, 0.4, 0.8, 1.2 ಅಂತ ನಾಲ್ಕು ಥರ ಕಾಯಿಲ್ ಇದೆ. 0.2 ತಗೊಂಡ್ರೆ ಪವರ್ ಜಾಸ್ತಿಯಂತೆ, ಅದನ್ನೇ ತಗೊಳ್ಳಲಾ?" ವೇಪ್ ಅಂದರೆ ಇ-ಸಿಗರೇಟು. ಕಾಯಿಲ್ ಅಂದರೆ ಅದರೊಳಗೆ ಕಾದು ಲಿಕ್ವಿಡ್ಡನ್ನು ಆವಿ ಮಾಡುವ ತಂತಿ ಸುರುಳಿ, ಆ ಅಂಕಿಗಳು ಓಮ್ ಲೆಕ್ಕದಲ್ಲಿ ಅದರ ರೋಧ. ನನಗೆ ಎದೆ ಧಸಕ್ಕೆಂದಿತು. ಅದೇ ಮಾತನ್ನು ನಂಬಿ ನಾನು ಇನ್ನೂ ಎರಡು ವರ್ಷ ಸಿಗರೇಟು ಸೇದಿದವನು. "ಏನೂ ತಗೋಬೇಡಪ್ಪ, ಅಲ್ಲೇ ಇರು, ಬಂದೆ" ಎಂದು ಹೇಳಿ ಜಾಕೆಟ್ ಹಾಕಿಕೊಂಡು ಹೊರಟೆ.

ಮೊದಲೆಲ್ಲ ಈ ಪ್ರಶ್ನೆ ಅಷ್ಟಾಗಿ ಬರುತ್ತಿರಲಿಲ್ಲ. ಹೊಸಬರು ಬಳಸಿ ಬಿಸಾಡುವ ವೇಪ್ ಕೊಳ್ಳುತ್ತಿದ್ದರು. ಅದರಲ್ಲಿ ಆರಿಸುವುದಕ್ಕೆ ಬಣ್ಣ, ರುಚಿ ಬಿಟ್ಟರೆ ಏನೂ ಇರಲಿಲ್ಲ. 2025ರ ಜೂನ್ 1ರಿಂದ ಬ್ರಿಟನ್ನಿನಲ್ಲಿ ಅವುಗಳ ಮಾರಾಟ ನಿಂತಿತು. ಈಗ ಚಾರ್ಜ್ ಮಾಡಿ, ಲಿಕ್ವಿಡ್ ತುಂಬಿ, ಕಾಯಿಲ್ ಬದಲಿಸಿ ಬಳಸುವ ಸಾಧನವೇ ಬೇಕು. ಹಾಗಾಗಿ ಸಿಗರೇಟು ಬಿಡಬೇಕೆಂದು ಬರುವವನು ಮೊದಲ ದಿನವೇ ಓಮ್, ವ್ಯಾಟ್‌ಗಳ ಮುಂದೆ ನಿಲ್ಲುತ್ತಾನೆ.

ಊರಲ್ಲಿ ಕೂತು ಓದುವವರಿಗೆ ಒಂದು ಮಾತು. ಇದು ಇಲ್ಲಿಯ ಕಥೆ. ಕರ್ನಾಟಕ 2016ರಲ್ಲೇ ಇ-ಸಿಗರೇಟು ಮಾರಾಟವನ್ನು ತಡೆದಿತ್ತು. 2019ರಲ್ಲಿ ಇಡೀ ದೇಶಕ್ಕೆ ಕಾನೂನು ಬಂತು. ತಯಾರಿಸುವುದು, ಮಾರುವುದು, ತರಿಸುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೇ ಒಂದು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಇನ್ನು, ಸಿಗರೇಟು ಮುಟ್ಟದವರು ಯಾವ ದೇಶದಲ್ಲೇ ಇರಲಿ, ದಯವಿಟ್ಟು ಇದನ್ನೂ ಮುಟ್ಟಬೇಡಿ. ನಿಕೋಟಿನ್ ಹಿಡಿತ ಎಂಥದ್ದು ಅಂತ ನನಗೆ ಗೊತ್ತು. ನಾನು ಬರೆಯುತ್ತಿರುವುದು ಈಗಾಗಲೇ ದಿನಕ್ಕೆ ಹತ್ತು, ಹದಿನೈದು ಸೇದುತ್ತಾ, ಬಿಡಲಾಗದೆ ಒದ್ದಾಡುವ ನನ್ನಂಥವರ ಬಗ್ಗೆ.

ಅಪ್ಪನ ಕರೆಂಟ್ ಒಲೆ

ಬಸ್ಸಿನಲ್ಲಿ ಕೂತಾಗ ಈ ಹುಡುಗನಿಗೆ ಓಮ್ ಅಂದರೆ ಏನು ಅಂತ ಹೇಗೆ ಹೇಳಲಿ ಎಂದು ಯೋಚಿಸುತ್ತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಓಮನ ನಿಯಮ ಓದದವರು ಯಾರು? ಸೂತ್ರ ಎಲ್ಲರಿಗೂ ಬಾಯಿಪಾಠ. ಆದರೆ ನನಗೆ ಅದು ನಿಜವಾಗಿ ಅರ್ಥವಾಗಿದ್ದು ಹೊಸದುರ್ಗದ ನಮ್ಮ ಮನೆಯ ಕರೆಂಟ್ ಒಲೆಯಿಂದ. ಬಿಳಿ ಮಣ್ಣಿನ ತಟ್ಟೆ, ಅದರ ಸುರುಳಿ ಕಾಲುವೆಯಲ್ಲಿ ಕೂರಿಸಿದ ಸ್ಪ್ರಿಂಗ್. ಗ್ಯಾಸ್ ಮುಗಿದ ದಿನ ಅಮ್ಮ ಅದನ್ನು ಅಟ್ಟದಿಂದ ಇಳಿಸುತ್ತಿದ್ದಳು. ವರ್ಷಕ್ಕೆ ಒಂದೆರಡು ಸಲ ಹಾಲು ಉಕ್ಕಿ ಸ್ಪ್ರಿಂಗ್ ತುಂಡಾಗುತ್ತಿತ್ತು. ಅಪ್ಪ ಪ್ಲಗ್ ಕಿತ್ತು, ತುಂಡಾದ ಎರಡು ತುದಿ ಎಳೆದು, ಇಕ್ಕಳದಲ್ಲಿ ತಿರುಚಿ ಗಂಟು ಹಾಕಿ ಮತ್ತೆ ಕೂರಿಸುತ್ತಿದ್ದರು. ಸುಟ್ಟುಹೋದ ನಾಲ್ಕು ಸುತ್ತು ಬಿಸಾಡಿದ್ದರಿಂದ ತಂತಿ ಸ್ವಲ್ಪ ಗಿಡ್ಡವಾಗುತ್ತಿತ್ತು. ಆಮೇಲೆ ನೋಡಬೇಕು, ಒಲೆ ಮೊದಲಿಗಿಂತ ಕೆಂಪಗೆ ಉರಿಯುತ್ತಿತ್ತು. "ನೋಡೇ, ರಿಪೇರಿ ಆದ ಮೇಲೆ ಹೊಸದಕ್ಕಿಂತ ಜೋರಾಗಿದೆ" ಅಂತ ಅಪ್ಪ ಅಮ್ಮನಿಗೆ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಒಂದು ಸಲ ಅದೇ ಒಲೆಯ ಮೇಲೆ ಅಮ್ಮ ಚಿತ್ರಾನ್ನದ ಒಗ್ಗರಣೆಗೆ ಎಣ್ಣೆ ಇಟ್ಟಳು. ಸಾಸಿವೆ ಸಿಡಿಯುವ ಮೊದಲೇ ಎಣ್ಣೆ ಹೊಗೆಯಾಡಿ ಕಡಲೆಬೇಳೆ ಕಪ್ಪಾಯಿತು. ಅದೇ ವಾರ ಸ್ಪ್ರಿಂಗ್ ಆ ಗಂಟಿನ ಹತ್ತಿರವೇ ಮತ್ತೆ ಹೋಯಿತು.

ತಂತಿ ಗಿಡ್ಡವಾದರೆ ರೋಧ ಕಡಿಮೆ. ರೋಧ ಕಡಿಮೆಯಾದರೆ ಹರಿಯುವ ಕರೆಂಟ್ ಜಾಸ್ತಿ, ಶಾಖವೂ ಜಾಸ್ತಿ. ಜರ್ಮನಿಯ ಕೊಲೋನ್‌ನಲ್ಲಿ ಶಾಲೆ ಮೇಷ್ಟ್ರಾಗಿದ್ದ ಗೇಯಾರ್ಗ್ ಓಮ್ ಬೇರೆ ಬೇರೆ ಉದ್ದದ ತಂತಿ ಇಟ್ಟುಕೊಂಡು ಅಳೆದು, 1827ರಲ್ಲಿ ಪ್ರಕಟಿಸಿದ ನಿಯಮ ನಮ್ಮನೆಯ ಒಲೆಯಲ್ಲಿ ಕೆಂಪಗೆ ಕಾಣುತ್ತಿತ್ತು. ವೇಪ್ ಒಳಗಿರುವುದೂ ಅದೇ ಜಾತಿಯ ತಂತಿ. ನೈಕ್ರೋಮ್ ಅಥವಾ ಕಾಂಥಾಲ್ ಅನ್ನುವ ಮಿಶ್ರಲೋಹ. ಸುತ್ತ ಹತ್ತಿ. ಹತ್ತಿ ಲಿಕ್ವಿಡ್ ಹೀರುತ್ತದೆ, ತಂತಿ ಕಾದು ಅದನ್ನು ಆವಿ ಮಾಡುತ್ತದೆ. ಬ್ಯಾಟರಿ ಸುಮಾರು 3.7 ವೋಲ್ಟ್ ಕೊಡುತ್ತದೆ ಅಂತ ಇಟ್ಟುಕೊಳ್ಳಿ. 1.2 ಓಮ್ ಕಾಯಿಲ್‌ಗೆ ನೇರವಾಗಿ ಕೊಟ್ಟರೆ 3 ಆಂಪಿಯರ್ ಹರಿದು ಸುಮಾರು 11 ವ್ಯಾಟ್ ಶಾಖ ಬರುತ್ತದೆ. ಅದೇ ಬ್ಯಾಟರಿಗೆ 0.2 ಓಮ್ ಕಾಯಿಲ್ ಹಾಕಿದರೆ 18.5 ಆಂಪಿಯರ್, 68 ವ್ಯಾಟ್! ಆರು ಪಟ್ಟು. ಅಂಗಡಿಯವನು "ಪವರ್ ಜಾಸ್ತಿ" ಅಂದಿದ್ದು ಸುಳ್ಳಲ್ಲ. ಒಗ್ಗರಣೆಗೆ ಎಷ್ಟು ಉರಿ ಬೇಕು ಅನ್ನುವುದನ್ನು ಆತ ಕೇಳಲಿಲ್ಲ, ಅಷ್ಟೇ.

ಬಚ್ಚಲುಮನೆಯ ನೆಲ

2019ರಲ್ಲಿ ನಾನೂ ಹೀಗೇ ಒಂದು ಅಂಗಡಿಗೆ ಹೋಗಿದ್ದೆ. ಆಗ ಹದಿನಾಲ್ಕು ವರ್ಷದಿಂದ ಸೇದುತ್ತಿದ್ದೆ. ದಾವಣಗೆರೆಯ ಕಾಲೇಜಿನ ಎದುರು ಟೀ ಅಂಗಡಿಯಲ್ಲಿ ಶುರುವಾಗಿದ್ದು, ಇಲ್ಲಿಗೆ ಬಂದ ಮೇಲೂ ದಿನಕ್ಕೆ ಹದಿನೈದಕ್ಕೆ ನಿಂತಿತ್ತು. ಅಂಗಡಿಯವನು ದಪ್ಪ ಪೆನ್ನಿನಂಥ ಸಾಧನ ಕೊಟ್ಟ. 0.2 ಓಮ್ ಕಾಯಿಲ್, ಪ್ರತಿ ಎಂಎಲ್‌ಗೆ 3 ಮಿ.ಗ್ರಾಂ. ನಿಕೋಟಿನ್ ಇರುವ ಲಿಕ್ವಿಡ್. ಮನೆಗೆ ಬಂದು ಸಿಗರೇಟಿನ ಹಾಗೇ ಬಾಯಿಗೆ ದಮ್ ಎಳೆದೆ. ಬಾಯಿ ತುಂಬ ಬಿಸಿ ಮೋಡ. ನುಂಗಿದಂತಾಗಿ ಕೆಮ್ಮು ಶುರುವಾಯಿತು. ಕಣ್ಣಲ್ಲಿ ನೀರು. ಕೋಣೆ ಹೊಗೆಯಿಂದ ತುಂಬಿತು, ಆದರೆ ಸಿಗರೇಟಿನ ಆ ಗಂಟಲ ಹಿಡಿತ ಮಾತ್ರ ಸಿಗಲಿಲ್ಲ. ವಾರವಿಡೀ ಅದನ್ನೂ ಎಳೆದೆ, ಸಿಗರೇಟನ್ನೂ ಸೇದಿದೆ.

ಎರಡನೇ ವಾರ ನನಗೆ ನಾನೇ ಒಂದು ತೀರ್ಮಾನಕ್ಕೆ ಬಂದೆ. ನಿಕೋಟಿನ್ ಸಾಲುತ್ತಿಲ್ಲ, ಜಾಸ್ತಿ ಇರುವುದು ತರೋಣ. ಬೇರೆ ಕಡೆಯಿಂದ 18 ಮಿ.ಗ್ರಾಂ. ಬಾಟಲಿ ತಂದು ಅದೇ ಸಾಧನಕ್ಕೆ ತುಂಬಿದೆ. ಯಾರೂ ಬೇಡ ಅನ್ನಲಿಲ್ಲ. ರಾತ್ರಿ ಊಟವಾದ ಮೇಲೆ ನಾಲ್ಕು ದಮ್ ಎಳೆದೆ. ಐದನೆಯದಕ್ಕೆ ತಲೆ ಗಿರ್ರೆಂದಿತು. ಕೈ ತಣ್ಣಗಾಯಿತು. ಬಚ್ಚಲುಮನೆಗೆ ಹೋಗಿ ವಾಂತಿ ಮಾಡಿ, ತಣ್ಣನೆಯ ನೆಲದ ಮೇಲೆ ಗೋಡೆಗೆ ಒರಗಿ ಕೂತೆ. ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಏನೂ ಅನ್ನಲಿಲ್ಲ. ಒಂದು ಲೋಟ ನೀರು ಕೊಟ್ಟು ಪಕ್ಕದಲ್ಲೇ ಕೂತಳು. ಅರ್ಧ ಗಂಟೆ ಹಾಗೇ ಇದ್ದೆವು. ಮರುದಿನ ಆ ಸಾಧನ ಡ್ರಾಯರಿಗೆ ಹೋಯಿತು, ನಾನು ಸಿಗರೇಟಿಗೆ ವಾಪಸ್ಸು. "ವೇಪ್ ನನಗೆ ಆಗಿಬರಲ್ಲ" ಅಂತ ಎರಡು ವರ್ಷ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಆ ಎರಡು ವರ್ಷ ಸೇದಿದ ಸಿಗರೇಟುಗಳ ಲೆಕ್ಕ ಈಗಲೂ ನನ್ನನ್ನು ಕಾಡುತ್ತದೆ. ಸುಮಾರು ಹನ್ನೊಂದು ಸಾವಿರ.

ಅವತ್ತು ಆಗಿದ್ದೇನು ಅಂತ ಈಗ ಲೆಕ್ಕ ಹಾಕಬಲ್ಲೆ. ಒಂದು ದಮ್ಮಿಗೆ ಎಷ್ಟು ಲಿಕ್ವಿಡ್ ಆವಿಯಾಗುತ್ತದೆ ಅನ್ನುವುದು ಹೆಚ್ಚುಕಡಿಮೆ ವ್ಯಾಟ್ ಮೇಲೆ ನಿಂತಿದೆ. 60 ವ್ಯಾಟಿನ ಕಾಯಿಲ್, 12 ವ್ಯಾಟಿನದಕ್ಕಿಂತ ಸರಿಸುಮಾರು ಐದು ಪಟ್ಟು ಆವಿ ಮಾಡುತ್ತದೆ. ಅದಕ್ಕೇ ಜಾಸ್ತಿ ವ್ಯಾಟಿನ ಕಾಯಿಲ್‌ಗೆ 3 ಮಿ.ಗ್ರಾಂ., ಕಡಿಮೆ ವ್ಯಾಟಿನದಕ್ಕೆ 12ರಿಂದ 20 ಮಿ.ಗ್ರಾಂ. ಅಂತ ಇಡುತ್ತಾರೆ. ಐದು ಪಟ್ಟು ಆವಿಯಲ್ಲಿ ಆರನೇ ಒಂದು ಪಾಲು ನಿಕೋಟಿನ್, ಅಂದರೆ 18ರ ಬದಲು 3. ಸಿಗುವ ನಿಕೋಟಿನ್ ಎರಡರಲ್ಲೂ ಹತ್ತಿರ ಹತ್ತಿರ. ನಾನು ಮಾಡಿದ್ದು ಐದು ಪಟ್ಟು ಆವಿಗೆ ಆರು ಪಟ್ಟು ನಿಕೋಟಿನ್ ಸೇರಿಸಿದ್ದು. ಓಮ್ ಕಡಿಮೆ ಇದ್ದರೆ ನಿಕೋಟಿನ್ನೂ ಕಡಿಮೆ ಇರಬೇಕು, ಓಮ್ ಜಾಸ್ತಿ ಇದ್ದರೆ ನಿಕೋಟಿನ್ ಜಾಸ್ತಿ ಇರಬಹುದು. ಇದೊಂದನ್ನು ಅವತ್ತು ಯಾರಾದರೂ ಹೇಳಿದ್ದರೆ ಸಾಕಿತ್ತು.

"ಈ ಪೆನ್ನನ್ನು ಎಳೆದು ತೋರಿಸಿ"

2021ರಲ್ಲಿ ಮಗಳು ಹುಟ್ಟಿದಳು. ಈ ಸಲ ಅಂಗಡಿಗೆ ಹೋಗದೆ, ಸಿಗರೇಟು ಬಿಡುವವರಿಗೆ ಸಹಾಯ ಮಾಡುವ ಸೇವೆಗೆ ಫೋನ್ ಮಾಡಿದೆ. ಇಲ್ಲಿ ಊರೂರಲ್ಲೂ ಇಂಥದ್ದು ಇದೆ, ದುಡ್ಡು ಕೊಡಬೇಕಿಲ್ಲ. ಅಲ್ಲಿದ್ದಾಕೆಗೆ ಐವತ್ತೈದು ದಾಟಿತ್ತು. ಮೊದಲು ಒಂದು ಸಣ್ಣ ಯಂತ್ರಕ್ಕೆ ಊದಿಸಿದರು. ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅಳೆಯುವುದು. 19 ಅಂತ ತೋರಿಸಿತು. ಆಮೇಲೆ ಎರಡೇ ಪ್ರಶ್ನೆ. "ಬೆಳಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ಸಿಗರೇಟು?" ಹತ್ತು ನಿಮಿಷ ಅಂದೆ. ಎರಡನೆಯದು ಪ್ರಶ್ನೆ ಅಲ್ಲ. ಟೇಬಲ್ ಮೇಲಿದ್ದ ಪೆನ್ ಕೊಟ್ಟು, "ಇದು ಸಿಗರೇಟು ಅಂದುಕೊಳ್ಳಿ, ಎಳೆದು ತೋರಿಸಿ" ಅಂದರು.

ಎಳೆದೆ. ಕೆನ್ನೆ ಒಳಗೆ ಹೋಯಿತು. ಒಂದು ಕ್ಷಣ ಬಾಯಲ್ಲಿ ಹಿಡಿದು, ಪೆನ್ ತೆಗೆದು, ಉಸಿರು ಒಳಗೆಳೆದುಕೊಂಡೆ. "ನೋಡಿದಿರಾ?" ಅಂದರು ಆಕೆ. "ಮೊದಲು ಬಾಯಿ, ಆಮೇಲೆ ಎದೆ. ಸಿಗರೇಟು ಸೇದುವವರು ಹೆಚ್ಚಿನವರು ಹೀಗೇ. ನಿಮ್ಮ ಬಾಯಿ ಹದಿನಾರು ವರ್ಷ ಇದನ್ನೇ ಕಲಿತಿದೆ. ಹೊಸದನ್ನು ಕಲಿಸೋದು ಬೇಡ. ಇದೇ ಎಳೆತಕ್ಕೆ ಹೊಂದುವ ಕಾಯಿಲ್ ಕೊಡ್ತೀನಿ."

ಆಗ ನನಗೆ ದೊಡ್ಡಪ್ಪನ ನೆನಪಾಯಿತು. ಜಗಲಿ ಮೇಲೆ ಕೂತು ಬೀಡಿ ಎಳೆಯುವಾಗ ಅವರ ಎರಡು ಕೆನ್ನೆಯೂ ಗುಳಿ ಬೀಳುತ್ತಿದ್ದವು. ಬೀಡಿ ಬಿಗಿ, ಎರಡು ನಿಮಿಷ ಎಳೆಯದಿದ್ದರೆ ಆರಿಹೋಗುತ್ತದೆ. ಹುಕ್ಕಾ ಎಳೆಯುವವರದು ಬೇರೆ ರೀತಿ. ಅವರು ಬಾಯಲ್ಲಿ ಹಿಡಿಯುವುದಿಲ್ಲ, ಉಸಿರಿನ ಜೊತೆಗೇ ನೇರ ಎದೆಗೆ. ವೇಪ್‌ನಲ್ಲಿ ಈ ಎರಡು ದಾರಿಗೂ ಹೆಸರಿದೆ. ಬಾಯಿಂದ ಎದೆಗೆ ಹೋಗುವುದು ಎಂಟಿಎಲ್, ನೇರ ಎದೆಗೆ ಹೋಗುವುದು ಡಿಟಿಎಲ್. 1 ಓಮ್ ಮತ್ತು ಅದಕ್ಕಿಂತ ಮೇಲಿನವು ಬಹುಪಾಲು ಎಂಟಿಎಲ್‌ಗೆ ಮಾಡಿದವು. ಗಾಳಿ ಕಿಂಡಿ ಸಣ್ಣದು, ಎಳೆತ ಬಿಗಿ, ಆವಿ ಕಡಿಮೆ, 8ರಿಂದ 15 ವ್ಯಾಟ್. 0.5ಕ್ಕಿಂತ ಕೆಳಗಿನವು ಡಿಟಿಎಲ್‌ಗೆ. ಮಧ್ಯದ 0.6, 0.8 ಎರಡಕ್ಕೂ ಸೇತುವೆ ಇದ್ದ ಹಾಗೆ. 2019ರಲ್ಲಿ ನನ್ನ ಕೈಗೆ ಬಂದಿದ್ದು ಹುಕ್ಕಾ. ನಾನು ಅದನ್ನು ಬೀಡಿಯ ಹಾಗೆ ಎಳೆದಿದ್ದೆ.

ಆಕೆ ಕೊಟ್ಟಿದ್ದು ಹೆಬ್ಬೆರಳಿಗಿಂತ ಸ್ವಲ್ಪ ಉದ್ದದ, ಪಾಡ್ ಅನ್ನುವ ಸಣ್ಣ ವೇಪ್. 1.2 ಓಮ್, 18 ಮಿ.ಗ್ರಾಂ. ಒಂದು ಗುಂಡಿ ಕೂಡ ಇಲ್ಲ. ಇಷ್ಟು ಸಣ್ಣದು ನನ್ನ ಹದಿನೈದು ಸಿಗರೇಟಿಗೆ ಸಾಟಿಯಾಗುತ್ತಾ ಅಂತ ಅನುಮಾನ ಬಂತು. ಹೊರಗೆ ಬಂದು ಬಸ್ ಸ್ಟಾಪಿನಲ್ಲಿ ಮೊದಲ ದಮ್ ಎಳೆದೆ. ಗಂಟಲಿಗೆ ಒಂದು ಸಣ್ಣ ಗುದ್ದು. ಅದೇ, ನನಗೆ ಚೆನ್ನಾಗಿ ಗೊತ್ತಿರುವ ಗುದ್ದು. ಕಣ್ಣು ತುಂಬಿ ಬಂತು. ನಾಲ್ಕು ವಾರ ಬಿಟ್ಟು ಅದೇ ಯಂತ್ರಕ್ಕೆ ಊದಿದಾಗ 2 ಅಂತ ಬಂತು. ಆವಿಯಲ್ಲಿ ಏನೂ ಉರಿಯುವುದಿಲ್ಲವಲ್ಲ, ಹಾಗಾಗಿ ಕಾರ್ಬನ್ ಮೊನಾಕ್ಸೈಡ್ ಹೋಗಿಬಿಡುತ್ತದೆ.

ಇದು ನನ್ನೊಬ್ಬನ ಅದೃಷ್ಟ ಇರಬಹುದು ಅಂತ ನನಗೂ ಅನಿಸುತ್ತಿತ್ತು. ಆಮೇಲೆ ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಪೀಟರ್ ಹಾಯೆಕ್ ಮತ್ತು ಜೊತೆಗಾರರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದೆ. 886 ಜನ. ಅರ್ಧದಷ್ಟು ಜನರಿಗೆ ನಿಕೋಟಿನ್ ಪ್ಯಾಚ್, ಗಮ್‌ನಂಥವು, ಉಳಿದರ್ಧಕ್ಕೆ ಇ-ಸಿಗರೇಟು. ವರ್ಷ ಕಳೆದಾಗ ಮೊದಲ ಗುಂಪಿನಲ್ಲಿ ಶೇ. 9.9, ಎರಡನೆಯದರಲ್ಲಿ ಶೇ. 18 ಜನ ಸಿಗರೇಟು ಬಿಟ್ಟಿದ್ದರು. ಈ ಅಂಕಿಗಳನ್ನು ಎಲ್ಲರೂ ಹೇಳುತ್ತಾರೆ. ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಅವರಲ್ಲಿ ಹೆಚ್ಚಿನವರಿಗೆ ಕೊಟ್ಟ ಸಾಧನದ ಕಾಯಿಲ್ 2.1 ಓಮ್, ಬ್ಯಾಟರಿ ಸಣ್ಣದು, ಲಿಕ್ವಿಡ್ 18 ಮಿ.ಗ್ರಾಂ. ಲೆಕ್ಕ ಹಾಕಿದರೆ ಆರೇಳು ವ್ಯಾಟ್. ಇಂದಿನ ಅಂಗಡಿಯಲ್ಲಿ ಅಂಥದ್ದನ್ನು ಕೇಳಿದರೆ ಮೂಲೆಯಿಂದ ಹುಡುಕಿ ತರಬೇಕು. ಇನ್ನೊಂದನ್ನೂ ಹೇಳಬೇಕು. ಇ-ಸಿಗರೇಟಿನಿಂದ ಬಿಟ್ಟವರಲ್ಲಿ ಶೇ. 80 ಜನ ವರ್ಷದ ಕೊನೆಯಲ್ಲೂ ಅದನ್ನು ಎಳೆಯುತ್ತಲೇ ಇದ್ದರು. ನಾನೂ ವೇಪ್ ಬಿಡಲು ಎರಡು ವರ್ಷ ಹಿಡಿಯಿತು. 18ರಿಂದ 12, 12ರಿಂದ 6, 6ರಿಂದ 3. ಕಾಯಿಲ್ ಮಾತ್ರ ಕೊನೆಯವರೆಗೂ 1.2. ರಜೆಗೆ ಊರಿಗೆ ಹೋಗುವಾಗ ಅದನ್ನು ಇಲ್ಲೇ ಡ್ರಾಯರಿನಲ್ಲಿಟ್ಟು, ಹೊಸದುರ್ಗದಲ್ಲಿ ಮೆಡಿಕಲ್ ಸ್ಟೋರಿನ 2 ಮಿ.ಗ್ರಾಂ. ನಿಕೋಟಿನ್ ಗಮ್ ಅಗಿಯುತ್ತಿದ್ದೆ.

ಓಮ್ ಒಂದೇ ಎಲ್ಲ ಅಲ್ಲ

ತಿಳಿದವರು ಇಲ್ಲಿ ತಡೆಯಬಹುದು. ಈಗಿನ ಸಾಧನಗಳಲ್ಲಿ ಚಿಪ್ ಇರುತ್ತದೆ, ವ್ಯಾಟ್ ಅದೇ ಹೊಂದಿಸುತ್ತದೆ, ಮತ್ತೆ ಓಮ್ ಲೆಕ್ಕ ಯಾಕೆ ಅಂತ. ನಿಜ. ಕರೆಂಟ್ ಒಲೆಗೆ ಗೋಡೆಯಿಂದ ಬರುವುದು ಯಾವಾಗಲೂ ಒಂದೇ ವೋಲ್ಟೇಜ್. ಚಿಪ್ ಇರುವ ಸಾಧನ ಹಾಗಲ್ಲ, ಕಾಯಿಲ್ ನೋಡಿ ವೋಲ್ಟೇಜ್ ಏರಿಸಿ ಇಳಿಸುತ್ತದೆ. ಹಾಗಾಗಿ ಇವತ್ತು ಕಾಯಿಲ್ ಮೇಲಿನ ಓಮ್ ಒಂದು ಗುರುತು. ಈ ತಂತಿಯ ಮೈ ಎಷ್ಟು ದೊಡ್ಡದು, ಎಷ್ಟು ವ್ಯಾಟ್ ತಡೆಯುತ್ತದೆ, ಗಾಳಿ ಕಿಂಡಿ ಹೇಗಿದೆ, ಯಾವ ಎಳೆತಕ್ಕೆ ಮಾಡಿದ್ದು ಅನ್ನುವುದನ್ನೆಲ್ಲ ಆ ಒಂದು ಸಂಖ್ಯೆ ಸೂಚಿಸುತ್ತದೆ. ತಂತಿ ಸುರುಳಿಯ ಬದಲು ಲೋಹದ ಜಾಲರಿ ಇರುವ ಕಾಯಿಲ್ ಬಂದ ಮೇಲೆ 0.8 ಕೂಡ ಬಿಗಿ ಎಳೆತ ಕೊಡುವುದುಂಟು. ಅದಕ್ಕೇ ಓಮ್ ಪಕ್ಕದಲ್ಲೇ ಕೊರೆದಿರುವ ವ್ಯಾಟ್ ಮಿತಿಯನ್ನೂ ಓದಬೇಕು. 15 ವ್ಯಾಟಿನ ಕಾಯಿಲ್‌ಗೆ 25 ಕೊಟ್ಟರೆ ಹತ್ತಿ ಒಣಗಿ ಸುಡುತ್ತದೆ. ಆ ಸುಟ್ಟ ರುಚಿ ಒಂದು ಸಲ ಬಂದರೆ ಸಾಕು, ಮರೆಯುವುದಿಲ್ಲ. ಅತಿಯಾಗಿ ಕಾದ ಲಿಕ್ವಿಡ್‌ನಿಂದ ಫಾರ್ಮಾಲ್ಡಿಹೈಡ್‌ನಂಥ ಕೆಟ್ಟ ವಸ್ತುಗಳೂ ಬರುತ್ತವೆ. ರುಚಿ ಸುಟ್ಟಿದ್ದರೆ ಎಳೆಯಬೇಡಿ, ಕಾಯಿಲ್ ಬದಲಿಸಿ. ಚಿಪ್ ಇಲ್ಲದ, ಬ್ಯಾಟರಿಯಿಂದ ನೇರ ಕಾಯಿಲ್‌ಗೆ ಹೋಗುವ ಸಾಧನಗಳೂ ಇವೆ. ಹೊಸಬರು ಅವುಗಳ ಹತ್ತಿರವೂ ಹೋಗಬಾರದು. 18 ಆಂಪಿಯರ್ ಆಟದ ಸಾಮಾನಲ್ಲ.

ಲಿಕ್ವಿಡ್ ದಪ್ಪವೂ ಹೊಂದಬೇಕು. 1.2ರ ಕಾಯಿಲ್‌ನಲ್ಲಿ ಲಿಕ್ವಿಡ್ ಹತ್ತಿಗೆ ಹೋಗುವ ರಂಧ್ರ ಸಣ್ಣದು. ತೆಳ್ಳಗಿನ ಪಿಜಿ (ಪ್ರೊಪಿಲೀನ್ ಗ್ಲೈಕಾಲ್), ದಪ್ಪನೆಯ ವಿಜಿ (ಸಸ್ಯಜನ್ಯ ಗ್ಲಿಸರಿನ್) ಎರಡೂ 50-50 ಇರುವ ಲಿಕ್ವಿಡ್ ತೆಳ್ಳಗೆ ಹರಿಯುತ್ತದೆ. ವಿಜಿ ಜಾಸ್ತಿ ಇದ್ದರೆ ಬೆಲ್ಲದ ಪಾಕದ ಹಾಗೆ, ಹತ್ತಿ ಹೀರುವಷ್ಟರಲ್ಲಿ ತಂತಿ ಕಾದುಬಿಡುತ್ತದೆ.

ಮತ್ತೆ "ಕಡಿಮೆ ನಿಕೋಟಿನ್‌ನಿಂದಲೇ ಶುರು ಮಾಡ್ತೀನಿ, ಒಳ್ಳೇದಲ್ವಾ?" ಅಂತ ಕೇಳುವವರು ಬಹಳ. ಕೇಳುವುದಕ್ಕೆ ಸರಿ ಅನಿಸುತ್ತದೆ. ಆದರೆ ಮೈ ತನಗೆ ಬೇಕಾದ ನಿಕೋಟಿನ್ ಹುಡುಕಿಕೊಳ್ಳುತ್ತದೆ. ಲಂಡನ್ ಸೌತ್ ಬ್ಯಾಂಕ್ ವಿಶ್ವವಿದ್ಯಾಲಯದ ಲಿನ್ ಡಾಕಿನ್ಸ್ ಅವರ ಅಧ್ಯಯನಗಳಲ್ಲಿ, ಕಡಿಮೆ ನಿಕೋಟಿನ್ ಕೊಟ್ಟಾಗ ಜನ ಜಾಸ್ತಿ ಸಲ, ಉದ್ದುದ್ದ ದಮ್ ಎಳೆದರು, ಲಿಕ್ವಿಡ್ ಜಾಸ್ತಿ ಖರ್ಚಾಯಿತು. ನಾನೇ 0.2 ಕಾಲದಲ್ಲಿ ದಿನಕ್ಕೆ ಎಂಟು ಎಂಎಲ್ ಮುಗಿಸುತ್ತಿದ್ದೆ. 1.2ರಲ್ಲಿ ಎರಡೇ ಎಂಎಲ್. ಅಷ್ಟು ಕಡಿಮೆ ಆವಿ ನನ್ನ ಎದೆಗೆ ಹೋಯಿತು ಅನ್ನುವುದು ನನಗೆ ದೊಡ್ಡ ಸಮಾಧಾನ.

ಮತ್ತೆ ಅಂಗಡಿಗೆ

ನಾನು ಹೋಗುವಷ್ಟರಲ್ಲಿ ಹುಡುಗ ಅಂಗಡಿಯ ಹೊರಗೆ ನಿಂತು ಸಿಗರೇಟು ಸೇದುತ್ತಿದ್ದ. ನನ್ನನ್ನು ನೋಡಿ ಮುಜುಗರದಿಂದ ಆರಿಸಲು ಹೋದ. "ಆರಿಸಬೇಡ, ಎಳಿ, ನೋಡ್ತೀನಿ" ಅಂದೆ. ಅವನಿಗೆ ಅರ್ಥವಾಗಲಿಲ್ಲ, ಆದರೂ ಎಳೆದ. ಕೆನ್ನೆ ಗುಳಿ ಬಿತ್ತು. ಒಂದು ಕ್ಷಣ ನಿಂತು, ಆಮೇಲೆ ಉಸಿರು. "ಬಾ ಒಳಗೆ" ಅಂದೆ.

1.2 ಓಮ್ ಪಾಡ್, 20 ಮಿ.ಗ್ರಾಂ. ನಿಕೋಟಿನ್. ಇಲ್ಲಿಯ ಕಾನೂನು ಅದಕ್ಕಿಂತ ಜಾಸ್ತಿ ಮಾರಲು ಬಿಡುವುದಿಲ್ಲ. ಅವನೂ ಎದ್ದ ಹತ್ತು ನಿಮಿಷಕ್ಕೇ ಸೇದುವವನು, ಅದಕ್ಕೆ 20 ಅಂದೆ. ದಿನಕ್ಕೆ ಐದಾರು ಸೇದುವವನಾಗಿದ್ದರೆ 10 ಹೇಳುತ್ತಿದ್ದೆ. ಎದುರಿನ ಕೆಫೆಯಲ್ಲಿ ಕೂತು ಅವನೇ ಲಿಕ್ವಿಡ್ ತುಂಬಿದ. ತಕ್ಷಣ ಬಾಯಿಗಿಡಲು ಹೋದ, ಕೈ ಹಿಡಿದು ನಿಲ್ಲಿಸಿದೆ. ಹತ್ತಿ ನೆನೆಯುವುದಕ್ಕೆ ಹತ್ತು ನಿಮಿಷವಾದರೂ ಬೇಕು. ಇಲ್ಲದಿದ್ದರೆ ಮೊದಲ ದಮ್ಮಿಗೇ ಹೊಸ ಕಾಯಿಲ್ ಸುಟ್ಟುಹೋಗುತ್ತದೆ. ಆ ಹತ್ತು ನಿಮಿಷದಲ್ಲಿ ಅಪ್ಪನ ಒಲೆಯ ಕಥೆ ಹೇಳಿದೆ. ಅವರ ಮನೆಯಲ್ಲೂ ಅಂಥದ್ದೇ ಇತ್ತಂತೆ. ಅವರಮ್ಮ ಅದರ ಮೇಲೆ ಸ್ನಾನಕ್ಕೆ ನೀರು ಕಾಯಿಸುತ್ತಿದ್ದರಂತೆ.

ಹೊರಗೆ ಬಂದು ಎಳೆದ. ತೆಳ್ಳನೆ ಆವಿ ಗಾಳಿಯಲ್ಲಿ ತಕ್ಷಣ ಕರಗಿತು. "ಹೊಗೆನೇ ಬರ್ಲಿಲ್ವಲ್ಲ ಅಣ್ಣ" ಅಂದ. ಇನ್ನೊಂದು ಎಳೆದ. ಗಂಟಲ ಮೇಲೆ ಕೈ ಇಟ್ಟುಕೊಂಡ. "ಹ್ಞಾ, ಸಿಕ್ತು."

ಮೊನ್ನೆ ಮೈದಾನದಲ್ಲಿ ಸಿಕ್ಕಿದ್ದ. ಹದಿನೈದು ಸಿಗರೇಟು ಈಗ ಒಂದಕ್ಕೆ ಬಂದಿದೆ, ಬೆಳಗ್ಗೆ ಕಾಫಿ ಜೊತೆಯದು. ಅದೊಂದು ಮಾತ್ರ ಬಿಡಲಾಗುತ್ತಿಲ್ಲ ಎಂದ. ನನಗೂ ಕೊನೆಗೆ ಉಳಿದಿದ್ದು ಅದೇ. ಮುಂದಿನ ವಾರ ಕಾಫಿ ಬಿಟ್ಟು ಬೆಳಗ್ಗೆ ಟೀ ಕುಡಿದು ನೋಡುತ್ತಾನಂತೆ.